ಗಟ್ಟಿ ಕಾಲು ಮೊದಲು

ಮುರಿದ ಮೂಳೆಯನ್ನು ಕೂಡಿಸುವುದು ಡಾಕ್ಟರ ಕೆಲಸ. ಕೂಡಿದ ಮೇಲೆ ಆ ಮುದಿಜೀವ ಮನೆಯಲ್ಲಿ ಹೇಗೆ ಏಳಬೇಕು, ಹೇಗೆ ಕೂರಬೇಕು, ಬಚ್ಚಲಿಗೆ ಹೇಗೆ ಹೋಗಬೇಕು ಎಂದು ಹೇಳಿಕೊಡುವುದು ಮಾತ್ರ ಯಾರ ಕೆಲಸವೂ ಅಲ್ಲ. ಇಪ್ಪತ್ತೆಂಟು ವರ್ಷ ನರ್ಸಾಗಿದ್ದು ಇದನ್ನು ನೋಡಿ ನೋಡಿ ನನಗೆ ರೇಗಿಹೋಗಿತ್ತು. ಮಂಚಕ್ಕೆ ಕಾಯುವವರು ವರಾಂಡದ ತುಂಬ ಮಲಗಿರುವಾಗ ವಾಸಿಯಾದವರನ್ನು ಕಳಿಸದೆ ಆಸ್ಪತ್ರೆಯವರಿಗೂ ವಿಧಿಯಿಲ್ಲ. ಹಳ್ಳಿಗೆ ಹೋದವರನ್ನು ಮನೆಯವರು ಪ್ರೀತಿಯಿಂದಲೇ ಚಾಪೆಯ ಮೇಲೆ ಮಲಗಿಸಿ, ‘ನೀ ಏಳ್ಬ್ಯಾಡ, ನಾವಿಲ್ವಾ’ ಎನ್ನುತ್ತಾರೆ. ಮೂರು ತಿಂಗಳಿಗೆ ಬೆನ್ನೆಲ್ಲ ಹುಣ್ಣು, ಎದೆಯಲ್ಲಿ ಕಫ. ಆಮೇಲೆ ತಿಥಿಗೆ ಕರೆಯಲು ಬರುತ್ತಾರೆ. ಅಂಥ ತಿಥಿಯೂಟಗಳನ್ನು ನಾನು ಬೇಕಾದಷ್ಟು ಉಂಡಿದ್ದೇನೆ.

ಅದಕ್ಕೇ ೧೯೫೯ರಲ್ಲಿ ಪೆನ್ಷನ್ ಆದ ಮೇಲೆ, ಹಾಸನದಲ್ಲಿ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿದ್ದ ನಮ್ಮ ಮನೆಯ ಪಡಸಾಲೆಯಲ್ಲಿ ನಾಲ್ಕು ಮಂಚ ಹಾಕಿಸಿದೆ. ಆಸ್ಪತ್ರೆಯಿಂದ ಬಿಟ್ಟ ವಯಸ್ಸಾದವರು ಆರು ವಾರ ನಮ್ಮಲ್ಲಿದ್ದು, ನಡೆಯುವುದನ್ನು ಕಲಿತು, ಊರಿಗೆ ಹೋಗಬೇಕು. ನನ್ನ ಹೆಸರು ಗಂಗಾಂಬಿಕೆ. ಆ ಹೆಸರಿನಿಂದ ಕರೆಯುವವರು ಅರಕಲಗೂಡಿನ ನನ್ನ ತವರಿನಲ್ಲಿ ಕೂಡ ಈಗ ಯಾರೂ ಉಳಿದಿಲ್ಲ, ಎಲ್ಲರಿಗೂ ನಾನು ನರ್ಸಮ್ಮ. ಜೊತೆಗೆ ಸಾಲಗಾಮೆ ಕಡೆಯ ಮಲ್ಲಿಗಮ್ಮ ಇದ್ದಳು. ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ನನ್ನದೇ ವಯಸ್ಸು, ನನಗಿಂತ ಮೆತ್ತಗಿನ ಕೈ.

ನನ್ನದೊಂದು ಪದ್ಧತಿ ಇತ್ತು. ರೋಗಿಯನ್ನು ತಂದು ಬಿಡುವ ಮನೆಯವರ ಕೈಗೆ ಒಂದು ಹುರಿ ಕೊಡುತ್ತಿದ್ದೆ. ನಿಮ್ಮ ಮನೆಯ ಜಗಲಿ ಎಷ್ಟು ಎತ್ತರ, ಹೊಸ್ತಿಲು ಎಷ್ಟು ಎತ್ತರ ಎಂದು ಅಳೆದು ಈ ಹುರಿಗೆ ಗಂಟು ಹಾಕಿಕೊಂಡು ಬನ್ನಿ ಎನ್ನುತ್ತಿದ್ದೆ. ಆ ಗಂಟುಗಳ ಅಳತೆಗೆ ಹಿತ್ತಲಲ್ಲಿ ಚಪ್ಪಡಿ ಜೋಡಿಸಿ, ಮೇಲೊಂದು ಮರದ ತೊಲೆ ಇಟ್ಟು, ಅವರ ಬಾಗಿಲನ್ನೇ ಕಟ್ಟಿಬಿಡುತ್ತಿದ್ದೆ. ಅದನ್ನು ಬೀಳದೆ ಹತ್ತಿ ಇಳಿದವರಿಗೆ ಮಾತ್ರ ಊರಿನ ದಾರಿ. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೊಂದ ಕಾಲು ಮೊದಲು. ಇಷ್ಟನ್ನು ದಿನಕ್ಕೆ ಇಪ್ಪತ್ತು ಸಲ ಹೇಳುತ್ತಿದ್ದೆ. ನಿದ್ದೆಯಲ್ಲೂ ಹೇಳುತ್ತೀಯ ಎಂದು ಮಲ್ಲಿಗಮ್ಮ ನಗುತ್ತಿದ್ದಳು.

ಲಕ್ಕಮ್ಮ ನಮ್ಮಲ್ಲಿಗೆ ಬಂದದ್ದು ಅರವತ್ಮೂರನೇ ಇಸವಿಯ ಸಂಕ್ರಾಂತಿ ಆದ ಮೇಲೆ. ಚನ್ನರಾಯಪಟ್ಟಣದ ಕಡೆ, ದಂಡಿಗನಹಳ್ಳಿ ಹೋಬಳಿಯ ಊರೊಂದರ ಗೌಡರ ಮನೆಯ ಹಿರಿಯಳು. ಅರವತ್ತೇಳು ವರ್ಷ. ಹಗ್ಗ ಕಿತ್ತುಕೊಂಡ ಕರುವಿನ ಹಿಂದೆ ಓಡಿ ಅಂಗಳದ ಕಲ್ಲಿನ ಮೇಲೆ ಜಾರಿದ್ದಳು. ಬಲಗಾಲಿನ ತೊಡೆಯ ಮೂಳೆ ಮುರಿದಿತ್ತು. ಹತ್ತು ವಾರ ಆಸ್ಪತ್ರೆಯ ಮಂಚದಲ್ಲಿ ಕಾಲಿಗೆ ಭಾರ ತೂಗುಬಿಟ್ಟು ಮಲಗಿಸಿದ್ದರು. ಮೂಳೆ ಕೂಡಿತ್ತು, ಆದರೆ ಹಸಿ. ಇನ್ನು ಮೂರು ತಿಂಗಳು ಆ ಕಾಲಿನ ಮೇಲೆ ಇಡೀ ಮೈಭಾರ ಬಿಡಕೂಡದು, ಬಿದ್ದರೆ ಇನ್ನೊಂದು ಸಲ ಕೂಡುವುದಿಲ್ಲ ಎಂದು ಡಾಕ್ಟರು ನನಗೆ ಎಚ್ಚರಿಕೆ ಕೊಟ್ಟೇ ಕಳಿಸಿದ್ದರು.

ಮಗ ರಂಗಸ್ವಾಮಿ ಅವಳನ್ನು ಎತ್ತಿಕೊಂಡು ಒಳಗೆ ತಂದ. ನಲವತ್ತಾರು ವರ್ಷದ ಗಟ್ಟಿ ಆಳು. ತಾಯಿ ಅವನ ತೋಳಲ್ಲಿ ಮಲಗಿಕೊಂಡೇ ಅವನಿಗೆ ಬೈಯುತ್ತಿದ್ದಳು.

“ನಿಧಾನ ಕಣ್ಲಾ, ನಾನೇನ್ ಉಳ್ಳೀಮೂಟೆಯೇನ್ಲಾ!”

ಹಿಂದೆ ಸೊಸೆ ಅನಸೂಯಮ್ಮ ಗಂಟು, ಚೊಂಬು, ಕಂಬಳಿ ಎಲ್ಲವನ್ನೂ ಹೊತ್ತುಕೊಂಡು ಬಂದಳು. ಕೂರಿ ಎಂದರೂ ಕೂರಲಿಲ್ಲ. ಹೋಗುವವರೆಗೂ ಗೋಡೆಗೆ ಒರಗಿ ನಿಂತೇ ಇದ್ದಳು.

ಮೊದಲ ದಿನ ಮಲ್ಲಿಗಮ್ಮನ ಕೈ ತಾಗಬಾರದೆಂದು ಲಕ್ಕಮ್ಮ ಸೆರಗು ಎಳೆದುಕೊಂಡಳು. ಹಾಗಾದರೆ ನಾನೇ ಮಾಡುತ್ತೇನೆ ಎಂದು ಅವಳ ಬೆನ್ನಿಗೆ ಸ್ಪಿರಿಟ್ ಹಚ್ಚಿ ತಿಕ್ಕಿದೆ, ಹಿಮ್ಮಡಿ ಒರೆಸಿದೆ, ಮಗ್ಗುಲು ತಿರುಗಿಸಿದೆ. ಮೂರನೇ ದಿನಕ್ಕೆ, “ಮಲ್ಲಿಗಮ್ಮ ಎಲ್ಲವ್ಳೆ? ಅವಳ್ನೇ ಕರಿ ಕಣವ್ವ. ನಿನ್ ಕೈ ಒರಟು” ಎಂದಳು. ಮಲ್ಲಿಗಮ್ಮ ಬಂದು ತಿಕ್ಕಿದಳು. ಆಮೇಲೆ ಅಡಿಗೆಮನೆಗೆ ಬಂದು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ನನಗೂ ನಗು ಬಂತು, ಸ್ವಲ್ಪ ಅವಮಾನವೂ ಆಯಿತು.

ಲಕ್ಕಮ್ಮ ಬಾಯಿ ಜೋರಿನವಳೇ ಹೊರತು ಮೈಗಳ್ಳಿಯಲ್ಲ. ಮೊದಲ ವಾರ ಮಂಚದ ಅಂಚಿಗೆ ಕೂರುವುದು, ಎರಡನೇ ವಾರ ಎದ್ದು ನಿಲ್ಲುವುದು. ಆಚಾರಿಯ ಕೈಲಿ ಮಾಡಿಸಿದ್ದ ನಾಲ್ಕು ಕಾಲಿನ ಮರದ ಆಸರೆಯೊಂದು ನಮ್ಮಲ್ಲಿತ್ತು. ಅದನ್ನು ಹಿಡಿದು ಪಡಸಾಲೆಯ ಉದ್ದಕ್ಕೂ ಹೋಗಿ ಬರುವಷ್ಟರಲ್ಲಿ ಅವಳ ಮುಖ ಬೆವರಿ ತೊಯ್ದುಹೋಗುತ್ತಿತ್ತು. ಸಾಕು ಎಂದರೆ, “ಇನ್ನೊಂದ್ಸಲ” ಎನ್ನುತ್ತಿದ್ದಳು. ನೆಲದಲ್ಲಿ ಕೂರಬಾರದು, ಮಣೆ ಬಿಟ್ಟು ಸ್ಟೂಲಿನ ಮೇಲೆ ಕೂತು ಮುದ್ದೆ ಉಣ್ಣಬೇಕು ಎಂದದ್ದಕ್ಕೆ ಮಾತ್ರ ಎರಡು ದಿನ ಮುನಿಸಿಕೊಂಡಳು. ನಾಲ್ಕನೇ ವಾರಕ್ಕೆ ಮರದ ಆಸರೆ ಹೋಗಿ ಎಡಗೈಗೆ ಊರುಗೋಲು ಬಂತು. ನಾನು ಒಳಗೊಳಗೇ ಹಿಗ್ಗುತ್ತಿದ್ದೆ.

ಅಷ್ಟರಲ್ಲಿ ರಂಗಸ್ವಾಮಿ ಹುರಿ ತಂದುಕೊಟ್ಟಿದ್ದ. ಜಗಲಿಗೆ ಎರಡು ಮೆಟ್ಟಿಲು. ಜಗಲಿಯಿಂದ ಒಳಗಿನ ನೆಲ ಒಂದು ಗೇಣು ಎತ್ತರ, ಅದರ ಮೇಲೆ ನಾಲ್ಕು ಬೆರಳು ಹೊಸ್ತಿಲು. ಹಿತ್ತಲಲ್ಲಿ ಹಾಗೇ ಕಟ್ಟಿಸಿದೆ. ಲಕ್ಕಮ್ಮ ಕೋಲೂರಿ, ಗಟ್ಟಿಯಿದ್ದ ಎಡಗಾಲನ್ನು ಎತ್ತಿ ತೊಲೆಯ ಆಚೆ ಇಟ್ಟು, ಮೈಯನ್ನು ಮೇಲಕ್ಕೆಳೆದುಕೊಂಡು, ಬಲಗಾಲನ್ನು ಹಿಂದಿನಿಂದ ತಂದು ಸೇರಿಸಿಬಿಟ್ಟಳು. ಒಂದು ವಾರ ದಿನಕ್ಕೆ ಹತ್ತು ಸಲ ಹತ್ತಿದಳು, ಇಳಿದಳು. ಒಮ್ಮೆಯೂ ತಪ್ಪಲಿಲ್ಲ. ಇವಳ ಕಲಿಕೆ ಮುಗಿಯಿತು, ಇನ್ನು ಕಳಿಸಬಹುದು ಎಂದು ಡಾಕ್ಟರಿಗೆ ಹೇಳಿಯೂ ಬಂದೆ. ಇಪ್ಪತ್ತೆಂಟು ವರ್ಷದ ಅನುಭವ ಎಂದು ಬೀಗುವವರಿಗೆ ಹೀಗೇ ಆಗಬೇಕು.

ಅದು ಒಂದು ಶುಕ್ರವಾರ. ಮಲ್ಲಿಗಮ್ಮ ಎಂದಿನಂತೆ ಮನೆಯ ಹೊಸ್ತಿಲುಗಳನ್ನೆಲ್ಲ ತೊಳೆದು ಅರಿಶಿನ ಹಚ್ಚಿ ಕುಂಕುಮ ಇಟ್ಟಳು. ಬಟ್ಟಲಲ್ಲಿ ಅರಿಶಿನ ಉಳಿದಿತ್ತು. ಹಿತ್ತಲ ತೊಲೆ ಬೋಳಾಗಿ ಕಾಣಿಸಿತೋ ಏನೋ, ಅದಕ್ಕೂ ಬಳಿದು ಮೂರು ಕಡೆ ಕುಂಕುಮದ ಬೊಟ್ಟಿಟ್ಟಳು. ಕಾಫಿ ಕುಡಿದ ಮೇಲೆ ಲಕ್ಕಮ್ಮನನ್ನು ಹಿತ್ತಲಿಗೆ ಕರೆದುಕೊಂಡು ಹೋದೆ. ತೊಲೆಯ ಮುಂದೆ ಬಂದವಳು ಒಂದು ಗಳಿಗೆ ನಿಂತಳು. ತೊಲೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವವಳಂತೆ ಬಗ್ಗಲು ಹೋಗಿ ಆಗದೆ ಸುಮ್ಮನಾದಳು. ಆಮೇಲೆ ಸರಕ್ಕನೆ ಬಲಗಾಲನ್ನೆತ್ತಿ ಆಚೆಗೆ ಇಟ್ಟು ಅದರ ಮೇಲೆ ಭಾರ ಬಿಟ್ಟಳು. ಕಾಲು ಕುಸಿಯಿತು. ಮಲ್ಲಿಗಮ್ಮ ಬಟ್ಟಲನ್ನು ಎಸೆದು ಓಡಿಬಂದು ಸೊಂಟಕ್ಕೆ ತಬ್ಬಿಕೊಳ್ಳದಿದ್ದರೆ ಅವತ್ತೇ ಎಲ್ಲ ಮುಗಿಯುತ್ತಿತ್ತು.

ಹೆದರಿದಾಗಲೆಲ್ಲ ನಾನು ಕೂಗಾಡುತ್ತೇನೆ, ಕೆಟ್ಟ ಅಭ್ಯಾಸ.

“ಒಂದು ವಾರದಿಂದ ಏನು ಕಲಿತಿರಿ ನೀವು? ಎಡಗಾಲು ಅಂತ ಸಾವಿರ ಸಲ ಹೇಳಿಲ್ವಾ?”

“ಅದು ತೊಲೆ ಆಗಿದ್ದಾಗ ಕಣವ್ವ” ಎಂದಳು ಲಕ್ಕಮ್ಮ, ಏದುಸಿರು ಬಿಡುತ್ತ. “ಇವತ್ತು ಒಸ್ತಿಲಾಗದೆ. ಒಸ್ತಿಲ್ಗೆ ಯಾರಾರ ಎಡಗಾಲಿಟ್ಟಾರಾ?”

“ಮನೆಗೆ ಹೋದಾಗ?”

“ಬಲಗಾಲೇ.”

ಅವಳನ್ನು ಮಂಚದ ಮೇಲೆ ಕೂರಿಸಿ ಸಮಾಧಾನದಿಂದ ಮಾತಾಡಿದೆ. ನನಗೆ ಸಮಾಧಾನ ಎಂದರೆ ಎಷ್ಟು ಕಷ್ಟ ಎಂಬುದು ಮಲ್ಲಿಗಮ್ಮನಿಗೆ ಗೊತ್ತು. ಬಲಗಾಲು ಮೊದಲಿಟ್ಟರೆ ಇಡೀ ಮೈಯನ್ನು ಆ ಹಸಿ ಮೂಳೆಯೇ ಮೇಲೆತ್ತಬೇಕು, ಅದರಿಂದಾಗದು ಎಂದೆ. ಗೊತ್ತು ಎಂದಳು. ಹಾಗಾದರೆ ಮಗನೇ ಎತ್ತಿಕೊಂಡು ಒಳಗೆ ಹೋಗಲಿ ಎಂದೆ.

“ಇಲ್ಗೆ ಎತ್ಕೊಂಡ್ ಬಂದ, ಆಯ್ತು. ಆ ಬಾಗ್ಲಲ್ಲಿ ನನ್ನ ಎತ್ಕೊಂಡು ಓಗಾದು ಒಂದೇ ಸಲ, ಅದೂ ಒರಕ್ಕೆ.”

“ಹಿತ್ತಲ ಬಾಗಿಲಿಂದ ಹೋಗಿ.”

“ನಾನೇನ್ ಕಳ್ಳೀನಾ?” ಎಂದವಳು ದನಿ ತಗ್ಗಿಸಿದಳು. “ಉಗಾದಿ ಕಳುದ್ರೆ ಮೊಮ್ಮಗನ ಮದ್ವೆ ನರ್ಸಮ್ಮ. ಒಸಾ ಎಣ್ಣು ಬರೋ ಬಾಗ್ಲು ಅದು. ಅದ್ರಲ್ಲಿ ನಾನು ಎಡಗಾಲಿಟ್ಟು ಓಗಿ, ನಾಳೀಕೆ ಒಂದ್ ಎಚ್ಚು ಕಮ್ಮಿ ಆದ್ರೆ? ಬಿದ್ರೆ ನನ್ ಕಾಲು ಮುರೀತದೆ, ಅಷ್ಟೇ ತಾನೆ?”

ಅಷ್ಟೇ ಅಲ್ಲ ಎಂದು ಅವಳಿಗೆ ಹೇಗೆ ಹೇಳಲಿ? ಎರಡನೇ ಸಲ ಮುರಿದವರು ಎಷ್ಟು ತಿಂಗಳು ಬದುಕುತ್ತಾರೆ ಎಂಬ ಲೆಕ್ಕ ನನಗೆ ಬಾಯಿಪಾಠವಾಗಿತ್ತು.

ಮಾರನೆಯ ದಿನ ಮಲ್ಲಿಗಮ್ಮ ಅರಿಶಿನ ಒರೆಸಿದಳು. ಲಕ್ಕಮ್ಮ ಎಡಗಾಲಿಟ್ಟು ಸಲೀಸಾಗಿ ಹತ್ತಿದಳು. ಮತ್ತೆ ಹಚ್ಚಿದರೆ ಬಲಗಾಲು. ಹುರಿಯಲ್ಲಿ ಗಂಟು ಹಾಕಿಸಿ ಅವಳ ಬಾಗಿಲನ್ನೇ ತಂದಿದ್ದೇನೆ ಎಂದುಕೊಂಡಿದ್ದೆ ನಾನು. ನಾನು ತಂದದ್ದು ಅಳತೆ ಮಾತ್ರ.

ಭಾನುವಾರ ಅನಸೂಯಮ್ಮ ಬಂದಳು. ಪ್ರತಿ ಭಾನುವಾರ ಬೆಳಗಿನ ಬಸ್ಸಿಗೆ ಬಂದು, ಅತ್ತೆಗೆ ಇಷ್ಟವಾದ ಅವರೆಕಾಳಿನ ಸಾರು ತಂದು, ಅವಳ ಸೀರೆ ಒಗೆದು ಹೋಗುತ್ತಿದ್ದಳು. ಅವಳು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ನಾನು ಲಕ್ಕಮ್ಮನ ಜೊತೆ ಮತ್ತೆ ಅದೇ ವಾದ ತೆಗೆದೆ. ಎಡಗಾಲಿಟ್ಟವರ ಮನೆಯೆಲ್ಲ ಹಾಳಾಗಿದ್ದರೆ ಊರೇ ಇರುತ್ತಿರಲಿಲ್ಲ ಎಂದುಬಿಟ್ಟೆ.

“ಎಡಗಾಲಿಟ್ಟು ಬಂದೋಳು ನಮ್ಮನೇಲಿ ಒಬ್ಳವ್ಳೆ” ಎಂದಳು ಲಕ್ಕಮ್ಮ ಗಟ್ಟಿಯಾಗಿ. “ಒಬ್ಳೇ ಸಾಕು. ಅವಳಿಂದ ಆಗಿರಾದೇ ಸಾಕು.”

ಹಿತ್ತಲಲ್ಲಿ ಪಾತ್ರೆಯ ಸದ್ದು ನಿಂತಿತು. ಆಮೇಲೆ ಮತ್ತೆ ಶುರುವಾಯಿತು.

ಅವತ್ತು ಸಂಜೆ ನಾನೇ ಅನಸೂಯಮ್ಮನ ಜೊತೆ ಬಸ್‌ಸ್ಟ್ಯಾಂಡಿಗೆ ಹೋದೆ. ಬಸ್ಸು ಇನ್ನೂ ಬಂದಿರಲಿಲ್ಲ. ಕಲ್ಲುಬೆಂಚಿನ ಮೇಲೆ ಕೂತೆವು. ಅವಳು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಕೇಳಬೇಕೋ ಬೇಡವೋ ಎಂದುಕೊಳ್ಳುತ್ತಲೇ ಕೇಳಿದೆ. ಅವಳು ಬೇರೆ ಯಾರದೋ ಸುದ್ದಿ ಹೇಳುವವಳಂತೆ ಹೇಳಿದಳು.

“ನಂಗಾಗ ಅದಿನೈದು ನರ್ಸಮ್ಮ. ಮದ್ವೆ ಆಗಿ ಮನೆ ತುಂಬಿಸ್ಕತಿದ್ರು. ಒಸ್ತಿಲ್ ಮ್ಯಾಲೆ ಸೇರಿನ ತುಂಬ ಅಕ್ಕಿ ಮಡಗಿದ್ರು, ಬಲಗಾಲಲ್ಲಿ ಒದ್ದು ಒಳೀಕ್ ಬರ್ಬೇಕು ಅಂತ. ನಾನು ತಲೆ ಬಗ್ಗಿಸ್ಕಂಡಿದ್ದೆ. ಸೇರು ಕಾಣುಸ್ತು, ಒದ್ದೆ. ಯಾವ ಕಾಲು ಅಂತ ನಂಗೇ ಗೊತ್ತಿರ್ನಿಲ್ಲ. ಸೋಬಾನೆ ಪದ ನಿಂತೋಯ್ತು. ಆಗ ಗೊತ್ತಾಯ್ತು.”

“ಅಷ್ಟಕ್ಕೇನಾ?”

“ಎಲ್ಡು ತಿಂಗ್ಳಿಗೆ ಮಾವನೋರು ಗದ್ದೇಲಿ ಆವು ಕಚ್ಚಿ ತೀರ್ಕಂಡ್ರು. ಆವತ್ತಿಂದ ಎಮ್ಮೆ ಸತ್ರೂ ನಾನೇ, ಬಾವಿ ಬತ್ತುದ್ರೂ ನಾನೇ. ಇಪ್ಪತ್ತೇಳು ವರ್ಸ.”

“ನಿಮ್ಮ ಯಜಮಾನರು ಏನೂ ಅನ್ನಲ್ವಾ?”

“ಅವ್ರು ಒಳ್ಳೇವ್ರು” ಎಂದಳು ಅನಸೂಯಮ್ಮ. “ಅತ್ತೆಮ್ಮ ಸುರು ಮಾಡುದ್ರೆ ಎದ್ದು ಕೊಟ್ಟಿಗೆಗೆ ಒಂಟೋಯ್ತಾರೆ.”

ಬಸ್ಸು ಬಂತು, ಅವಳು ಹತ್ತಿ ಹೋದಳು. ಬೀದಿಯುದ್ದಕ್ಕೂ ನನ್ನ ಮೈ ಉರಿಯುತ್ತಿತ್ತು. ಬಲಗಾಲನ್ನೇ ಇಡಲಿ ಆ ಮುದುಕಿ, ಬೀಳಲಿ, ಬುದ್ಧಿ ಬರಲಿ ಎಂದುಕೊಂಡೆ. ನರ್ಸಾದವಳು ಹಾಗೆ ಯೋಚಿಸಬಾರದು. ಯೋಚಿಸಿದೆ, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ? ಮನೆಗೆ ಬಂದರೆ ಲಕ್ಕಮ್ಮ ಮಂಚದ ಅಂಚಿಗೆ ಕೂತು ಮಂಡಿ ಚಾಚುವ ಅಭ್ಯಾಸವನ್ನು ತಾನೇ ಎಣಿಸಿಕೊಂಡು ಮಾಡುತ್ತಿದ್ದಳು. ಹದಿನೆಂಟು, ಹತ್ತೊಂಬತ್ತು. ಹಣೆಯಲ್ಲಿ ಬೆವರು. ನನ್ನ ಸಿಟ್ಟು ಅಲ್ಲೇ ಅರ್ಧ ಇಳಿಯಿತು. ಉಳಿದ ಅರ್ಧವನ್ನು ಇಟ್ಟುಕೊಂಡೇ ಅವಳ ಕಾಲಿಗೆ ಎಣ್ಣೆ ತಿಕ್ಕಿದೆ.

ಇನ್ನೊಂದು ವಾರ ಇಟ್ಟುಕೊಳ್ಳಬಹುದಿತ್ತು. ಆದರೆ ನಾಲ್ಕೂ ಮಂಚ ತುಂಬಿದ್ದವು, ಹೊಳೆನರಸೀಪುರದ ಮುದುಕರೊಬ್ಬರು ಬರುವವರಿದ್ದರು, ಮದುವೆ ಬೇರೆ ಹತ್ತಿರವಾಗಿತ್ತು. ಮಾರ್ಚಿ ತಿಂಗಳಲ್ಲಿ ಅವಳನ್ನು ಕಳಿಸುವ ದಿನ ಗೊತ್ತುಮಾಡಿದೆ. ಊರಿಗೆ ಹೋಗುವವರ ಜೊತೆ ಮೊದಲ ದಿನ ನಾನೂ ಹೋಗಿ, ಮಂಚ ಎಲ್ಲಿ ಹಾಕಬೇಕು, ರಾತ್ರಿ ದೀಪ ಎಲ್ಲಿಡಬೇಕು ಎಂದು ತೋರಿಸಿ ಬರುವುದು ವಾಡಿಕೆ. ಈ ಸಲ ಅದಕ್ಕಿಂತ ಹೆಚ್ಚಾಗಿ ಆ ಬಾಗಿಲಲ್ಲಿ ಅವಳ ಸೊಂಟ ಹಿಡಿದುಕೊಳ್ಳಲು ಹೊರಟೆ. ಹೊರಡುವಾಗ ಲಕ್ಕಮ್ಮ ಮಲ್ಲಿಗಮ್ಮನ ಎರಡೂ ಕೈ ಹಿಡಿದುಕೊಂಡು ಅತ್ತಳು.

“ಮದ್ವೆಗೆ ಬಾ ಕಣೆ. ಬರ್ದೇ ಓದ್ರೆ ನೋಡು.”

“ಬತ್ತೀನಿ ಗೌಡ್ತಮ್ಮಾರೆ. ಎಡಗಾಲು ಇಡ್ರವ್ವ, ನಿಮ್ ದಮ್ಮಯ್ಯ” ಎಂದಳು ಮಲ್ಲಿಗಮ್ಮ. ಲಕ್ಕಮ್ಮ ಕೇಳಿಸದವಳಂತೆ ಕಣ್ಣೊರೆಸಿಕೊಂಡಳು.

ಚನ್ನರಾಯಪಟ್ಟಣದ ಬಸ್ಸಿನ ಮೆಟ್ಟಿಲನ್ನು ಎಡಗಾಲಿಟ್ಟೇ ಹತ್ತಿದಳು. ಬಸ್ಸಿಗೆ ಅರಿಶಿನ ಕುಂಕುಮ ಇರಲಿಲ್ಲವಲ್ಲ! ದಾರಿಯಲ್ಲಿ ಇಳಿದಾಗ ರಂಗಸ್ವಾಮಿ ಗಾಡಿಗೆ ಹುಲ್ಲು ಹಾಸಿ, ಮೇಲೆ ಜಮಖಾನ ಹೊದಿಸಿ ಕಾಯುತ್ತಿದ್ದ. ತೆಂಗಿನ ತೋಟಗಳ ನಡುವೆ ಎತ್ತುಗಳು ನಿಧಾನಕ್ಕೆ ಹೆಜ್ಜೆ ಹಾಕಿದವು. ಹತ್ತಿರ ಹತ್ತಿರ ನಾಲ್ಕು ತಿಂಗಳ ಮೇಲೆ ತನ್ನ ಊರನ್ನು ನೋಡುತ್ತಿದ್ದ ಲಕ್ಕಮ್ಮ ಯಾರ ಮನೆಗೆ ಹೊಸ ಹೆಂಚು ಬಂದಿದೆ, ಯಾರ ಕಣ ಇನ್ನೂ ಖಾಲಿಯಾಗಿಲ್ಲ ಎಂದು ಉದ್ದಕ್ಕೂ ಹೇಳುತ್ತಿದ್ದಳು. ಮನೆ ಹತ್ತಿರವಾದಂತೆ ಮಾತು ನಿಂತಿತು.

ಬಾಗಿಲಿಗೆ ಮಾವಿನೆಲೆ ಕಟ್ಟಿದ್ದರು. ಅಕ್ಕಪಕ್ಕದ ಹತ್ತು ಹನ್ನೆರಡು ಹೆಂಗಸರು ಜಗಲಿಯ ಎರಡೂ ಕಡೆ ನಿಂತಿದ್ದರು. ಒಳಗೆ ಅನಸೂಯಮ್ಮ ಕೆಂಪು ನೀರಿನ ಆರತಿ ತಟ್ಟೆ ಹಿಡಿದಿದ್ದಳು. ಹೊಸ್ತಿಲಿಗೆ ಅರಿಶಿನ ಬಳಿದು ಸಾಲಾಗಿ ಕುಂಕುಮ ಇಟ್ಟಿದ್ದರು. ಅಷ್ಟು ಚೆನ್ನಾಗಿ ಇಟ್ಟ ಹೊಸ್ತಿಲನ್ನು ನೋಡಿ ನನಗೆ ಭಯವಾದದ್ದು ಅದೇ ಮೊದಲು.

ಜಗಲಿಯ ಎರಡು ಮೆಟ್ಟಿಲುಗಳನ್ನು ಲಕ್ಕಮ್ಮ ಹೇಳಿಕೊಟ್ಟ ಹಾಗೇ ಹತ್ತಿದಳು. ಹೆಂಗಸರು ಮೂಗಿನ ಮೇಲೆ ಬೆರಳಿಟ್ಟುಕೊಂಡು ನೋಡಿದರು. ಬಾಗಿಲ ಮುಂದೆ ನಿಂತಳು. ಆರತಿ ಎತ್ತಿದ್ದಾಯಿತು. ನಾನು ಹಿಂದಿನಿಂದ ಅವಳ ಸೊಂಟದ ಹತ್ತಿರ ಕೈ ಇಟ್ಟೆ.

ಅವಳು ಬಲಗಾಲನ್ನೆತ್ತಿದಳು. ಅರ್ಧಕ್ಕೆ ಬಂದ ಕಾಲು ಹೊಸ್ತಿಲ ಅಂಚಿಗೆ ತಾಗಿ ವಾಪಸು ಬಂತು. ಇನ್ನೊಂದು ಸಲ ಎತ್ತಿದಳು, ಪಾದ ಒಳಗೆ ಊರಿತು. ಮೈಯನ್ನು ಎಳೆದುಕೊಳ್ಳಲು ನೋಡಿದಳು, ತೊಡೆ ಗಡಗಡ ನಡುಗಿತು, ಆಗಲಿಲ್ಲ. ಕಾಲನ್ನು ಹಿಂದಕ್ಕೆ ತೆಗೆದಳು. ಅವಳ ಬೆನ್ನಿನ ಬೆವರು ರವಿಕೆ ದಾಟಿ ನನ್ನ ಕೈಗೆ ತಾಗುತ್ತಿತ್ತು.

“ಅವ್ವಾ, ಬುಡು, ನಾನೇ ಎತ್ಕತೀನಿ” ಎಂದ ರಂಗಸ್ವಾಮಿ.

“ಮುಟ್ಟುದ್ರೆ ನೋಡು!”

ಮೂರನೇ ಸಲಕ್ಕೆ ಬೀಳುತ್ತಾಳೆ ಎಂದು ನನಗೆ ಖಚಿತವಾಗಿ ಗೊತ್ತಿತ್ತು. ಬಾಯಿ ತೆರೆಯುವಷ್ಟರಲ್ಲಿ ಅನಸೂಯಮ್ಮ ಆರತಿ ತಟ್ಟೆಯನ್ನು ನೆಲಕ್ಕಿಟ್ಟು ಹೊಸ್ತಿಲ ಹತ್ತಿರ ಬಂದಳು.

“ಎಡಗಾಲಿಡಿ ಅತ್ತೆಮ್ಮ” ಎಂದಳು.

ಲಕ್ಕಮ್ಮ ತಲೆಯೆತ್ತಿ ಸೊಸೆಯನ್ನು ನೋಡಿದಳು.

“ಬಲಗಾಲಿಟ್ಟು ಬಿದ್ರೆ ಅದ್ಕೂ ನನ್ನೆಸ್ರೇ ಬತ್ತದೆ” ಎಂದಳು ಅನಸೂಯಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. “ಇನ್ನೊಂದನ್ನ ಒರೋಕೆ ನನ್ ಕೈಲಾಗಕಿಲ್ಲ. ಎಡಗಾಲಿಟ್ಟು ಬಂದೋಳು ಈ ಮನೇಲಿ ಇಪ್ಪತ್ತೇಳು ವರ್ಸ ಮುದ್ದೆ ಬೇಯಿಸವ್ಳೆ. ನೀವೂ ಬನ್ನಿ.”

ಲಕ್ಕಮ್ಮ ಹೊಸ್ತಿಲನ್ನು ನೋಡಿದಳು, ಆಮೇಲೆ ಎಡಗಡೆಯ ಬಾಗಿಲವಾಡದ ಬುಡವನ್ನು ನೋಡಿದಳು. ಎಷ್ಟು ಹೊತ್ತು ನೋಡಿದಳೆಂದರೆ, ತಲೆ ಸುತ್ತು ಬಂತೇನೋ ಎಂದು ನಾನು ಅವಳ ನಾಡಿ ಹಿಡಿದೆ.

“ಸೇರು ಮಡಗಿದ್ದು ನಾನು ಕಣವ್ವ” ಎಂದಳು.

“ಯಾವ ಸೇರು ಅತ್ತೆಮ್ಮ?”

“ನಿನ್ ಸೇರು. ನೀ ಒದ್ದಿದ್ ಸೇರು.” ಲಕ್ಕಮ್ಮ ಕೋಲಿನ ತುದಿಯಿಂದ ಹೊಸ್ತಿಲ ಎಡ ಮೂಲೆಯನ್ನು ಮುಟ್ಟಿ ತೋರಿಸಿದಳು. “ಇಲ್ಲಿ ಮಡಗ್ಬುಟ್ಟಿದ್ದೆ, ಬಾಗ್ಲುವಾಡಕ್ಕೆ ಅಂಟುಸ್ಕಂಡು. ಒಳೀಕೆ ಕೆಲ್ಸ ನೂರೆಂಟಿತ್ತು, ಗಡಿಬಿಡೀಲಿ ಮಡಗ್ಬುಟ್ಟು ಓದೆ. ನಿನ್ ಬಲಗಡೆ ಗಂಡು ನಿಂತಿದ್ದ. ನೀನು ಎಡಗಾಲಲ್ಲಿ ಒದೀದೆ ಇನ್ಯಾವ ಕಾಲಲ್ಲಿ ಒದ್ದೀಯೆ?”

“ನಿಮ್ಗೆ ಗೊತ್ತಿತ್ತಾ?”

“ಆವತ್ತೇ ಗೊತ್ತಿತ್ತು.” ಲಕ್ಕಮ್ಮನ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಒಂದು ಕೈಯಲ್ಲಿ ಕೋಲಿತ್ತು, ಇನ್ನೊಂದನ್ನು ನಾನು ಹಿಡಿದಿದ್ದೆ, ಹಾಗಾಗಿ ಅವಳು ಒರೆಸಿಕೊಳ್ಳಲಿಲ್ಲ. “ನಿಮ್ಮಾವ ಓದ್ರಲ್ಲ, ಅದು ಯಾರ್ದಾರ ತಪ್ಪಾಗ್ಬೇಕಿತ್ತು. ನಂದು ಅಂತ ಎಂಗವ್ವ ಅನ್ಲಿ? ನೀನು ಚಿಕ್ಕೋಳಿದ್ದೆ. ನಿನ್ ಮ್ಯಾಲೆ ಆಕ್ಬುಟ್ಟೆ.”

ರಂಗಸ್ವಾಮಿ ಈ ಸಲ ಕೊಟ್ಟಿಗೆಗೆ ಹೋಗಲಿಲ್ಲ. ತಲೆ ತಗ್ಗಿಸಿಕೊಂಡು ಅಲ್ಲೇ ನಿಂತಿದ್ದ. ಅನಸೂಯಮ್ಮನ ಮುಖದಲ್ಲಿ ರಕ್ತವೇ ಇರಲಿಲ್ಲ. ಆದರೂ ಒಂದು ಹೆಜ್ಜೆ ಮುಂದೆ ಬಂದು ಭುಜ ಕೊಟ್ಟಳು. ಲಕ್ಕಮ್ಮ ಆ ಭುಜದ ಮೇಲೆ ಬಲಗೈ ಊರಿ, ಎಡಗಾಲನ್ನು ಎತ್ತಿ ಒಳಗಿಟ್ಟು, ಮೈಯನ್ನು ಎಳೆದುಕೊಂಡಳು. ಹಿತ್ತಲಲ್ಲಿ ನೂರು ಸಲ ಮಾಡಿದ್ದನ್ನೇ ಮಾಡಿದಳು. ಬಲಗಾಲು ಹಿಂದಿನಿಂದ ಬಂದು ಸೇರಿತು.

ಅನಸೂಯಮ್ಮ ಅವಳನ್ನು ನಡೆಸಿಕೊಂಡು ಹೋಗಿ ಮಂಚದ ಮೇಲೆ ಕೂರಿಸಿದಳು. ಕಾಲ ಕೆಳಗೆ ದಿಂಬು ಕೊಟ್ಟಳು, ಕೋಲನ್ನು ಕೈಗೆ ಸಿಗುವ ಹಾಗೆ ಒರಗಿಸಿಟ್ಟಳು. ಎಲ್ಲವನ್ನೂ ಸರಿಯಾಗಿಯೇ ಮಾಡಿದಳು. ಲಕ್ಕಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು. ಅವಳು ನೋಡಲಿಲ್ಲ. ಹಿತ್ತಲ ಬಾಗಿಲಿನಿಂದ ಹೊರಗೆ ಹೋದಳು.

ನಾನು ಹೆಂಗಸರನ್ನು ಸಾಗಹಾಕಿ ಹಿತ್ತಲಿಗೆ ಹೋದೆ. ಅನಸೂಯಮ್ಮ ಒಗೆಯುವ ಕಲ್ಲಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಪಕ್ಕದಲ್ಲಿ ಕೂತೆ. ಇನ್ನು ಮೇಲೆ ನಿಮ್ಮನ್ನು ಯಾರೂ ಏನೂ ಅನ್ನುವ ಹಾಗಿಲ್ಲ, ಊರೆಲ್ಲ ಕೇಳಿಸಿಕೊಂಡಿದೆ ಎಂದೆ. ಸಮಾಧಾನ ಹೇಳಿದೆ ಎಂದುಕೊಂಡೆ ನಾನು. ಅವಳು ತಲೆಯಾಡಿಸಿದಳು.

“ನಾನು ಅಳ್ತಿರಾದು ನಂಗೋಸ್ಕರ ಅಲ್ಲ ನರ್ಸಮ್ಮ” ಎಂದಳು. “ನಮ್ಮವ್ವಂಗೋಸ್ಕರ. ಬೀಗ್ರ ಮನೆ ಬಾಗ್ಲಿಗೆ ಬರೋಕೇ ನಾಚ್ಕಂಡು, ಬರ್ದೇ ಆರು ವರ್ಸದ್ ಕೆಳಗೆ ಸತ್ತೋದ್ಲು. ಸಾಯೋಗಂಟ ಕೇಳ್ತಿದ್ಲು, ಯಾಕ್ ಮಗ ಎಡಗಾಲಿಟ್ಟೆ, ನಾನು ಬುದ್ಧಿ ಕಲಿಸ್ಲಿಲ್ಲ ಅನ್ನಂಗಾಯ್ತಲ್ಲ ಅಂತ. ನಂಗೆ ಉತ್ರ ಗೊತ್ತಿರ್ನಿಲ್ಲ. ಅದ್ಕೂ ಮುಂಚೆ ಇವ್ರು ಬಾಯ್ ಬುಟ್ಟಿದ್ರೆ ಅವ್ಳಿಗೆ ಒಂದ್ ಮಾತು ತಿಳುಸ್ಬೋದಿತ್ತು.”

ಒಳಗಿನಿಂದ ಲಕ್ಕಮ್ಮನ ದನಿ ಕೇಳಿಸಿತು, ನೀರು ಕೇಳುತ್ತಿದ್ದಳು. ಅನಸೂಯಮ್ಮ ಕೇಳಿಸಿಕೊಂಡಳು. ಏಳಲಿಲ್ಲ. ನಾನೇ ಎದ್ದು ಹೋಗಿ ಕೊಟ್ಟೆ.